ಹೆಗಲಿಗೆ ಹಗುರ, ಮೈಗೆ ಬೆಚ್ಚಗೆ

ಡಿಸೆಂಬರ್ ತಿಂಗಳ ಬೆಳಗಿನ ಜಾವ ಯಲವಿಗಿ ರೈಲು ನಿಲ್ದಾಣದಲ್ಲಿ ಇಳಿದವರನ್ನು ಮೊದಲು ಎದುರುಗೊಳ್ಳುವುದು ಗಾಳಿ. ಹುಬ್ಬಳ್ಳಿ–ಬೆಂಗಳೂರು ಮಾರ್ಗದ ಈ ಸಣ್ಣ ನಿಲ್ದಾಣದ ಸುತ್ತ ಗಾಳಿಗೆ ಅಡ್ಡ ನಿಲ್ಲುವಂಥ ಬೆಟ್ಟವಿಲ್ಲ, ದಟ್ಟ ಕಾಡಿಲ್ಲ. ಕಣ್ಣು ಹಾಯುವವರೆಗೂ ಎರೆಹೊಲ. ಸವಣೂರಿಗೆ ಹೋಗುವವರು ಒಂದು ಕಡೆ, ಲಕ್ಷ್ಮೇಶ್ವರಕ್ಕೆ ಹೋಗುವವರು ಇನ್ನೊಂದು ಕಡೆ ಚದುರಿದ ಮೇಲೆ ನಿಲ್ದಾಣ ಮತ್ತೆ ಮೌನವಾಗುತ್ತದೆ. ಗದಗಿನಿಂದ ಇಲ್ಲಿಗೆ ರೈಲು ದಾರಿ ಆಗಬೇಕೆಂಬ ಬೇಡಿಕೆ ಬಹುಕಾಲದ್ದು. ಆ ಮಾತು ಚುನಾವಣೆಗೊಮ್ಮೆ ಕೇಳಿಬರುತ್ತದೆ. ಆದರೆ ಈ ಸೀಮೆಯಲ್ಲಿ ರೈಲಿಗಿಂತ ಹಳೆಯ ಸಂಚಾರವೊಂದಿದೆ. ಅದಕ್ಕೆ ಹಳಿ ಬೇಕಿಲ್ಲ, ಟಿಕೆಟ್ಟೂ ಬೇಕಿಲ್ಲ. ಅದು ಕುರಿಗಾರರ ನಡಿಗೆ.

ಮಳೆಗಾಲ ಮುಗಿದು ಬೆಳೆ ಕಟಾವಾದ ಮೇಲೆ ಉತ್ತರದ ಬಯಲುಸೀಮೆಯ ಕುರಿಗಾರರು ಹಿಂಡು ಹೊಡೆದುಕೊಂಡು ದೂರದ ದಾರಿ ಹಿಡಿಯುತ್ತಾರೆ. ರಾತ್ರಿ ರೈತರ ಹೊಲದಲ್ಲಿ ಕುರಿ ನಿಲ್ಲಿಸುತ್ತಾರೆ. ಹೊಲಕ್ಕೆ ಗೊಬ್ಬರ ಸಿಗುತ್ತದೆ, ಕುರಿಗಾರರಿಗೆ ಕಾಳೋ ಕಾಸೋ ಸಿಗುತ್ತದೆ. ಮರುದಿನ ಮತ್ತೆ ನಡಿಗೆ. ಮನೆ ಬಿಟ್ಟು ತಿಂಗಳುಗಟ್ಟಲೆ ಬಯಲಿನಲ್ಲೇ ಮಲಗುವ ಈ ಜನರ ಸಾಮಾನು ಒಂದೆರಡು ಕುದುರೆಗಳ ಬೆನ್ನಿಗೆ ಮುಗಿದುಹೋಗುತ್ತದೆ. ಅಡುಗೆಯ ಪಾತ್ರೆ, ಹಿಟ್ಟಿನ ಚೀಲ, ಬಲೆ, ಎಳೆಯ ಮರಿಗಳು. ಮೈಮೇಲಿನ ಬಟ್ಟೆಯಂತೂ ಇನ್ನೂ ಕಡಿಮೆ. ಅಂಗಿ, ಧೋತರ, ತಲೆಗೆ ರುಮಾಲು, ಹೆಗಲಿಗೆ ಒಂದು ಕಂಬಳಿ.

ಬೇಸಿಗೆ ರಜೆಯಲ್ಲಿ ಹಿಮಾಲಯದ ಚಾರಣಕ್ಕೆ ಹೊರಡುವ ವಿದ್ಯಾರ್ಥಿಗಳೂ, ಅವರಿಗೆ ಬಟ್ಟೆ ಕೊಡಿಸಲು ಪೇಟೆಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆಯುವ ಅಪ್ಪ ಅಮ್ಮಂದಿರೂ ಈ ಕುರಿಗಾರನನ್ನು ಒಮ್ಮೆ ನಿಂತು ನೋಡಬೇಕು. ದೂರ ನಡೆಯುವವನು ಏನು ಹೊರಬೇಕು, ಏನು ಬಿಡಬೇಕು ಎಂಬ ಪಾಠ ಅಲ್ಲಿದೆ.

ಒಂದು ಕಂಬಳಿ, ನಾಲ್ಕು ಕೆಲಸ

ಬೆಳಿಗ್ಗೆ ಚಳಿಯಿರುವಾಗ ಕುರಿಗಾರ ಕಂಬಳಿಯನ್ನು ತಲೆಯ ಮೇಲಿಂದ ಕೊಪ್ಪೆಯಂತೆ ಹೊದ್ದಿರುತ್ತಾನೆ. ಬಿಸಿಲೇರಿ ಹಿಂಡು ಚುರುಕಾಗುವ ಹೊತ್ತಿಗೆ ಅದು ಮಡಿಕೆಯಾಗಿ ಹೆಗಲೇರುತ್ತದೆ. ಮಳೆ ಬಂದರೆ ಮತ್ತೆ ತಲೆಗೆ. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ನೆಲಕ್ಕೆ ಹಾಸು, ರಾತ್ರಿ ಮೈಗೆ ಹೊದಿಕೆ. ಮೈ ಬೆಚ್ಚಗಾದರೆ ತೆಗೆಯುವುದು, ನಿಂತರೆ ಹೊದೆಯುವುದು. ದಿನಕ್ಕೆ ಹತ್ತಾರು ಸಲ ನಡೆಯುವ ಈ ಕ್ರಿಯೆಯನ್ನು ಇಂದಿನ ಪರ್ವತಾರೋಹಣ ಶಿಬಿರಗಳಲ್ಲಿ ಶಿಕ್ಷಕರು ಮತ್ತೆ ಮತ್ತೆ ಹೇಳಿಕೊಡುತ್ತಾರೆ. ಬೆವರಿದ ಮೇಲೆ ತೆಗೆಯುವುದಲ್ಲ, ಬೆವರುವ ಮೊದಲೇ ತೆಗೆಯಬೇಕು. ನಡುಗಿದ ಮೇಲೆ ಹಾಕಿಕೊಳ್ಳುವುದಲ್ಲ, ನಡುಗುವ ಮೊದಲೇ ಹಾಕಿಕೊಳ್ಳಬೇಕು.

ಈ ಕಂಬಳಿ ದಖನಿ ಕುರಿಯ ಉಣ್ಣೆಯದು. ಆ ಉಣ್ಣೆ ಒರಟು. ಮೈಗೆ ನೇರವಾಗಿ ತಾಗಿದರೆ ಚುಚ್ಚುತ್ತದೆ. ಕತ್ತರಿಸಿದ ಉಣ್ಣೆಯನ್ನು ಬಿಡಿಸಿ, ಹಿಂಜಿ, ನೂತು, ಹಾಸಿನ ಎಳೆಗೆ ಹುಣಸೆ ಬೀಜದ ಗಂಜಿ ಕೊಟ್ಟು ಗುಂಡಿ ಮಗ್ಗದಲ್ಲಿ ನೇಯುತ್ತಾರೆ. ಗಂಜಿಯಿಂದ ಬಟ್ಟೆಗೆ ಬಿಗಿ ಬರುತ್ತದೆ. ತುಂತುರು ಮಳೆ ಒಳಗಿಳಿಯದೆ ಮೇಲಿಂದಲೇ ಜಾರುತ್ತದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಕಂಬಳಿ ನಾಡಿಗೆಲ್ಲ ಹೆಸರಾದದ್ದು ಈ ಕಸುಬಿನಿಂದಲೇ. ಹಾವೇರಿ ಸೀಮೆಗೂ ಕಂಬಳಿಗೂ ಇರುವ ನಂಟು ವ್ಯಾಪಾರಕ್ಕಿಂತ ಆಳವಾದದ್ದು. ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರನ್ನು ಹೆಗಲ ಕಂಬಳಿಯಿಲ್ಲದೆ ಕನ್ನಡಿಗರು ಕಲ್ಪಿಸಿಕೊಳ್ಳಲಾರರು.

ಉಣ್ಣೆಯ ಗುಣ ಅದರ ಎಳೆಯಲ್ಲಿದೆ. ಸುರುಳಿ ಸುರುಳಿಯಾದ ಎಳೆಗಳ ನಡುವೆ ಗಾಳಿ ಸಿಕ್ಕಿಕೊಂಡು ನಿಲ್ಲುತ್ತದೆ. ಮೈಯನ್ನು ಬೆಚ್ಚಗಿಡುವುದು ಬಟ್ಟೆಯಲ್ಲ, ಬಟ್ಟೆ ಹಿಡಿದಿಟ್ಟ ಈ ನಿಂತ ಗಾಳಿ. ಉಣ್ಣೆ ತನ್ನ ತೂಕದ ಮೂರನೆಯ ಒಂದು ಭಾಗದಷ್ಟು ತೇವವನ್ನು ಎಳೆಯೊಳಗೆ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ. ನೆನೆದ ಮೇಲೂ ಅದು ಒಂದಿಷ್ಟು ಬೆಚ್ಚಗಿಡುತ್ತದೆ.

ಹಾಗಾದರೆ ಹಿಮಾಲಯಕ್ಕೂ ಕಂಬಳಿಯನ್ನೇ ಹೊತ್ತೊಯ್ಯಬಹುದಲ್ಲ ಎಂದು ಯಾರಾದರೂ ಕೇಳಬಹುದು. ತೊಡಕು ತೂಕದ್ದು. ದಪ್ಪನೆಯ ಕಂಬಳಿ ಎರಡು ಕಿಲೋಗೂ ಹೆಚ್ಚು ತೂಗುತ್ತದೆ, ಮಳೆಯಲ್ಲಿ ನೆಂದರೆ ಇನ್ನೂ ಭಾರ. ಬೇಗ ಒಣಗುವುದೂ ಇಲ್ಲ. ಕುರಿಗಾರನ ಉಳಿದ ಸಾಮಾನನ್ನು ಕುದುರೆ ಹೊರುತ್ತದೆ. ವಿದ್ಯಾರ್ಥಿಯ ಸಾಮಾನನ್ನು ಅವನ ಬೆನ್ನೇ ಹೊರಬೇಕು.

ಎತ್ತರದ ಲೆಕ್ಕ

ಯಲವಿಗಿಯ ಹುಡುಗನೊಬ್ಬ ಹಿಮಾಚಲ ಪ್ರದೇಶದ ಸರ್ ಪಾಸ್ ಚಾರಣಕ್ಕೆ ಹೆಸರು ಕೊಟ್ಟಿದ್ದಾನೆ ಎಂದಿಟ್ಟುಕೊಳ್ಳೋಣ. ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ ಬೇಸಿಗೆಯಲ್ಲಿ ಕಸೋಲ್‌ನಿಂದ ನಡೆಸುವ ಈ ಚಾರಣಕ್ಕೆ ಕರ್ನಾಟಕದ ವಿದ್ಯಾರ್ಥಿಗಳು ಬಹಳ ವರ್ಷಗಳಿಂದ ಹೋಗುತ್ತಿದ್ದಾರೆ. ಕಣಿವೆಯ ಎತ್ತರ ಸುಮಾರು 4,200 ಮೀಟರ್. ಯಲವಿಗಿ ಇರುವುದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ ಎಂದು ಭೂಗೋಳದ ಪಾಠದಲ್ಲಿ ಓದಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. 3,600 ಮೀಟರ್ ವ್ಯತ್ಯಾಸಕ್ಕೆ 23 ಡಿಗ್ರಿಗೂ ಮೇಲೆ ಇಳಿತ. ಮನೆಯಂಗಳದಲ್ಲಿ 22 ಡಿಗ್ರಿ ಇರುವ ಮುಂಜಾವನ್ನು ಅಷ್ಟೆತ್ತರಕ್ಕೆ ಒಯ್ದರೆ ಶೂನ್ಯಕ್ಕಿಂತ ಕೆಳಗೆ. ಇದು ಎತ್ತರದ ಲೆಕ್ಕ ಮಾತ್ರ. ಗಾಳಿ, ಮಳೆ, ಹಿಮದ ಲೆಕ್ಕ ಬೇರೆ.

ಈ ಲೆಕ್ಕ ಕೇಳಿದ ತಾಯಿ "ಇನ್ನೊಂದು ಸ್ವೆಟರ್ ಇರ್ಲಿ, ಥಂಡಿ ಭಾಳ ಅಂತ" ಎಂದು ಚೀಲ ತುಂಬುತ್ತಾಳೆ. ಅಜ್ಜಿ ಕೌದಿಯನ್ನೇ ತಂದಿಡುತ್ತಾಳೆ. ಪ್ರೀತಿಯ ಭಾರ ಅದು, ಆದರೆ ಭಾರವೇ. ದೇಹದ ತೂಕದ ಐದನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಹೊರಬಾರದೆಂಬುದು ಚಾರಣಿಗರು ಸಾಮಾನ್ಯವಾಗಿ ಕೊಡುವ ಸಲಹೆ. 50 ಕಿಲೋ ತೂಗುವ ಹುಡುಗಿಗೆ ಅದು 10 ಕಿಲೋ. ನೀರು, ತಿಂಡಿ, ಔಷಧಿ, ಟಾರ್ಚು ಎಲ್ಲವೂ ಅದರಲ್ಲೇ ಆಗಬೇಕು. ಭಾರ ಹೆಚ್ಚಿದಷ್ಟೂ ಬೆವರು ಹೆಚ್ಚು, ಬೆವರು ಹೆಚ್ಚಿದಷ್ಟೂ ನಿಂತಾಗ ಚಳಿ ಹೆಚ್ಚು. ಚಳಿಗೆಂದು ಹೊತ್ತ ಬಟ್ಟೆಯೇ ಚಳಿಯನ್ನು ಕರೆದು ತರುತ್ತದೆ.

ಮೂರು ಪದರು

ಆದರೆ ಅಜ್ಜಿಯ ಕೌದಿಯಲ್ಲಿ ಒಂದು ಜಾಣತನವಿದೆ. ಅವಳು ಒಂದೇ ದಪ್ಪ ಬಟ್ಟೆ ತರಲಿಲ್ಲ. ಹಳೆಯ ಸೀರೆ, ಧೋತರದ ತೆಳು ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಹೊಲಿದಳು. ಪ್ರತಿ ಎರಡು ಪದರಿನ ನಡುವೆ ಗಾಳಿ ಸಿಕ್ಕಿಕೊಂಡಿತು. ಬೆಟ್ಟ ಹತ್ತುವವರ ಉಡುಪಿನ ಸೂತ್ರವೂ ಇದೇ. ವ್ಯತ್ಯಾಸವೆಂದರೆ ಅವರು ಪದರುಗಳನ್ನು ಸೇರಿಸಿ ಹೊಲಿಯುವುದಿಲ್ಲ. ಬೇಕೆಂದಾಗ ಬಿಡಿಸಲು ಬರಬೇಕು.

ಒಳಪದರಿನ ಕೆಲಸ ಬೆವರನ್ನು ಮೈಯಿಂದ ದೂರ ಸಾಗಿಸುವುದು. ನಮ್ಮ ಕಡೆಯವರು ಎಡವುವುದು ಇಲ್ಲೇ. ಹತ್ತಿಯ ಬನಿಯನ್ ಬೆವರನ್ನು ಕುಡಿದು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಒಯ್ಯುತ್ತದೆ. ಒದ್ದೆ ಬನಿಯನ್ ಮೈಗಂಟಿಕೊಂಡು ಕುಳಿತರೆ ಅದರ ಮೇಲೆ ಎಷ್ಟು ಸ್ವೆಟರ್ ಹಾಕಿದರೂ ನಡುಕ ನಿಲ್ಲದು. ಜೀನ್ಸ್ ಪ್ಯಾಂಟಿನ ಕಥೆಯೂ ಅದೇ. ಒಳಗೆ ಬೇಕಾದದ್ದು ಆಟಗಾರರು ತೊಡುವಂಥ ತೆಳು ಪಾಲಿಯೆಸ್ಟರ್ ಅಂಗಿ, ಅಥವಾ ಮೆರಿನೊ ಉಣ್ಣೆಯದು. ಮೆರಿನೊ ಎಳೆ ಬಹಳ ನವಿರು, ದಖನಿ ಉಣ್ಣೆಯಂತೆ ಚುಚ್ಚುವುದಿಲ್ಲ. ಬೆಲೆ ಮಾತ್ರ ಚುಚ್ಚುತ್ತದೆ. ಶಾಲೆಯ ಆಟದ ಪಾಲಿಯೆಸ್ಟರ್ ಜೆರ್ಸಿ ಮನೆಯಲ್ಲಿದ್ದರೆ ಅಷ್ಟೇ ಸಾಕು.

ನಡುಪದರು ಗಾಳಿಯನ್ನು ಹಿಡಿದಿಡುವ ಪದರು. ಉಣ್ಣೆಯ ಸ್ವೆಟರ್ ಆಗಬಹುದು, ಫ್ಲೀಸ್ ಆಗಬಹುದು. ಫ್ಲೀಸ್ ಎಂದರೆ ಕುರಿಯ ತುಪ್ಪಟ ಎಂದೇ ಅರ್ಥ. ಈಗಿನ ಫ್ಲೀಸ್‌ನಲ್ಲಿ ಮಾತ್ರ ಕುರಿಯ ಪಾತ್ರವಿಲ್ಲ. 1979ರಲ್ಲಿ ಅಮೆರಿಕದ ಮಾಲ್ಡನ್ ಮಿಲ್ಸ್ ಎಂಬ ಗಿರಣಿ ಪಾಲಿಯೆಸ್ಟರ್‌ನಿಂದ ಇದನ್ನು ತಯಾರಿಸಿತು. ಉಣ್ಣೆಯಂತೆಯೇ ಗಾಳಿಯನ್ನು ಹಿಡಿಯುತ್ತದೆ, ನೀರನ್ನು ಹೆಚ್ಚುಕಡಿಮೆ ಹೀರುವುದೇ ಇಲ್ಲ, ಹಿಂಡಿ ಕೊಡವಿದರೆ ಬೇಗ ಒಣಗುತ್ತದೆ. ತೂಕ 300–400 ಗ್ರಾಂ.

ಹೆಚ್ಚು ಎತ್ತರಕ್ಕೆ ಹೋಗುವವರು ಇದರ ಜೊತೆಗೆ ಪುಕ್ಕ ತುಂಬಿದ ಜಾಕೆಟ್ ಒಯ್ಯುತ್ತಾರೆ. ಬಾತುಕೋಳಿಯ ನವಿರು ಪುಕ್ಕದಷ್ಟು ಕಡಿಮೆ ತೂಕಕ್ಕೆ ಹೆಚ್ಚು ಬೆಚ್ಚಗಿಡುವ ವಸ್ತು ಇನ್ನೊಂದಿಲ್ಲ. ಒತ್ತಿದರೆ ಅಂಗೈಯಗಲದ ಚೀಲದಲ್ಲಿ ಅಡಗುತ್ತದೆ. ಆದರೆ ನೆನೆದರೆ ಪುಕ್ಕ ಮುದ್ದೆಯಾಗಿ ಕೆಲಸಕ್ಕೆ ಬಾರದು. ಮಳೆಯ ದಾರಿಯಾದರೆ ಕೃತಕ ನಾರು ತುಂಬಿದ ಜಾಕೆಟ್ಟೇ ಮೇಲು. ಯಾವುದಾದರೂ ನಡೆಯುವಾಗ ತೊಡುವುದಲ್ಲ. ನಿಂತಾಗ, ಕುಳಿತಾಗ, ಗುಡಾರದಲ್ಲಿ ತೊಡುವಂಥದು.

ಹೊರಪದರು ಗಾಳಿಗೂ ಮಳೆಗೂ ಗೋಡೆ. ತಲೆಗವಸು ಇರುವ ಮಳೆ ಜಾಕೆಟ್, ಒಳಗೆ ಫ್ಲೀಸ್ ಮತ್ತು ಜಾಕೆಟ್ ಎರಡೂ ಹಿಡಿಸುವಷ್ಟು ಸಡಿಲ. ಪ್ಲಾಸ್ಟಿಕ್ ರೇನ್‌ಕೋಟ್ ಮಳೆಯನ್ನೇನೋ ತಡೆಯುತ್ತದೆ, ಆದರೆ ಬೆವರನ್ನು ಒಳಗೇ ಕೂಡಿಹಾಕುತ್ತದೆ. ಮಳೆಗಾಲದಲ್ಲಿ ರೈತರು ಗೋಣಿಚೀಲದ ಮೂಲೆ ಮಡಚಿ ಹಾಕಿಕೊಳ್ಳುವ ಕೊಪ್ಪೆಯ ಕೆಳಗೆ ಗಾಳಿಯಾಡುತ್ತದೆ. ಅದೇ ರೀತಿಯ ಅಗಲವಾದ ಪಾಂಚೊ ಕಡಿಮೆ ಖರ್ಚಿನಲ್ಲಿ ಆಗುವ ಒಳ್ಳೆಯ ಉಪಾಯ. ಬೆನ್ನಿನ ಚೀಲವನ್ನೂ ಅದು ಮುಚ್ಚುತ್ತದೆ. ಗಾಳಿ ಜೋರಾದಲ್ಲಿ ಮಾತ್ರ ಹಾರಾಡಿ ತೊಂದರೆ ಕೊಡುತ್ತದೆ.

ಇನ್ನು ಟೋಪಿ, ಕೈಗವಸು, ಕಾಲ್ಚೀಲ. ದೇಹದ ಅರ್ಧ ಶಾಖ ತಲೆಯಿಂದಲೇ ಹೋಗುತ್ತದೆ ಎಂಬ ಮಾತು ಉತ್ಪ್ರೇಕ್ಷೆ. ಆದರೂ ಎಳೆಗೂಸಿಗೆ ಕುಲಾವಿ ಕಟ್ಟುವ ನಮ್ಮ ತಾಯಂದಿರು ತಪ್ಪು ಮಾಡಿಲ್ಲ. ಐವತ್ತು ಗ್ರಾಂ ಟೋಪಿ ಕೊಡುವಷ್ಟು ಸುಖವನ್ನು ಇನ್ನಾವ ಐವತ್ತು ಗ್ರಾಂ ಬಟ್ಟೆಯೂ ಕೊಡಲಾರದು.

ಇಷ್ಟನ್ನೂ ತಕ್ಕಡಿಗೆ ಹಾಕಿ ನೋಡಬಹುದು. ಒಳಂಗಿ ಇನ್ನೂರು ಗ್ರಾಂ, ಫ್ಲೀಸ್ ನಾನೂರು, ಬೆಚ್ಚನೆಯ ಜಾಕೆಟ್ ಐನೂರು, ಮಳೆ ಜಾಕೆಟ್ ನಾನೂರು, ಟೋಪಿ ಕೈಗವಸು ನೂರೈವತ್ತು. ಒಟ್ಟು 1,650 ಗ್ರಾಂ. ಒಂದು ದಪ್ಪ ಕಂಬಳಿಗಿಂತ ಕಡಿಮೆ.

ಮುಂಡಗೋಡಿನ ನೆರೆಹೊರೆ

ಇದನ್ನೆಲ್ಲ ಕೊಳ್ಳಲು ದೊಡ್ಡ ಊರಿನ ದೊಡ್ಡ ಅಂಗಡಿಗೇ ಹೋಗಬೇಕೆಂದಿಲ್ಲ. ಹಾನಗಲ್ಲ, ಶಿಗ್ಗಾವಿ ತಾಲ್ಲೂಕುಗಳ ಪಕ್ಕದಲ್ಲೇ ಮುಂಡಗೋಡದ ಟಿಬೆಟನ್ ನೆಲೆಯಿದೆ. ಜಗತ್ತಿನ ಅತಿ ಎತ್ತರದ ಪ್ರಸ್ಥಭೂಮಿಯನ್ನು ಬಿಟ್ಟುಬಂದವರು 1966ರಿಂದ ಇಲ್ಲಿ ಬೇರೂರಿದ್ದಾರೆ. ಟಿಬೆಟನ್ ಕುಟುಂಬಗಳು ಚಳಿಗಾಲದಲ್ಲಿ ಊರೂರಿನ ಪೇಟೆಗಳಲ್ಲಿ ಸ್ವೆಟರ್ ಅಂಗಡಿ ಹಾಕುವುದು ಎಲ್ಲರಿಗೂ ಗೊತ್ತು. ಆ ಸ್ವೆಟರುಗಳು ಬಹುಮಟ್ಟಿಗೆ ಪಂಜಾಬಿನ ಲೂಧಿಯಾನದ ಗಿರಣಿಗಳವು. ಹೆಚ್ಚಿನವು ಅಕ್ರಿಲಿಕ್ ನೂಲಿನವು. ಅಕ್ರಿಲಿಕ್ ಹಗುರ, ಹತ್ತಿಯಂತೆ ನೀರು ಕುಡಿಯುವುದಿಲ್ಲ. ಹೆಣಿಗೆಯ ಕಣ್ಣುಗಳಲ್ಲಿ ಗಾಳಿ ನುಗ್ಗುವುದೊಂದೇ ಅದರ ದೋಷ. ಮೇಲೊಂದು ಗಾಳಿ ತಡೆಯುವ ಜಾಕೆಟ್ ಇದ್ದರೆ ಆ ದೋಷವೂ ಇಲ್ಲ. ನಡುಪದರಿಗೆ ಇಂಥ ಸ್ವೆಟರ್ ಧಾರಾಳವಾಗಿ ನಡೆಯುತ್ತದೆ.

ಖರ್ಚಿನ ಬಗ್ಗೆ ತಂದೆತಾಯಿಗಳು ಒಂದು ಸೂತ್ರ ಇಟ್ಟುಕೊಳ್ಳಬಹುದು. ಒಳಪದರು ಮನೆಯಲ್ಲಿರುವುದು, ನಡುಪದರು ಪೇಟೆಯಲ್ಲಿ ಅಗ್ಗಕ್ಕೆ ಸಿಗುವುದು, ಹೊರಪದರಿಗೆ ಮಾತ್ರ ಕೈ ಬಿಚ್ಚುವುದು. ಪುಕ್ಕದ ಜಾಕೆಟ್ ವರ್ಷಕ್ಕೊಮ್ಮೆ ಹೋಗುವವರು ಕೊಳ್ಳುವುದಕ್ಕಿಂತ ಬಾಡಿಗೆಗೆ ಪಡೆಯುವುದು ಲೇಸು. ಮಲಗುವ ಚೀಲ, ಹೊದಿಕೆಗಳನ್ನು ಅನೇಕ ಸಂಸ್ಥೆಗಳು ಶಿಬಿರದಲ್ಲೇ ಕೊಡುತ್ತವೆ. ಹಣ ಕಟ್ಟುವ ಮೊದಲೇ ಏನು ಕೊಡುತ್ತಾರೆ, ಏನು ತರಬೇಕು ಎಂದು ಬರೆದು ಕೇಳಬೇಕು.

ಬಟ್ಟೆ ಕೊಂಡ ಮೇಲೆ ಮನೆಯಲ್ಲೇ ಪರೀಕ್ಷೆ ಆಗಬೇಕು. ಎಲ್ಲ ಪದರುಗಳನ್ನೂ ಒಮ್ಮೆಲೇ ತೊಟ್ಟು ಕೈಯೆತ್ತಿ, ಬಗ್ಗಿ ನೋಡಲಿ. ಚೀಲ ಹೊತ್ತು ನಸುಕಿನಲ್ಲಿ ಸವಣೂರಿನ ದಾರಿಯಲ್ಲಿ ಹತ್ತು ಕಿಲೋಮೀಟರ್ ನಡೆದು ಬರಲಿ. ಎಲ್ಲಿ ಬೆವರಿತು, ಎಲ್ಲಿ ಪಟ್ಟಿ ಉಜ್ಜಿತು ಎಂಬುದು ಅಲ್ಲೇ ಗೊತ್ತಾಗುತ್ತದೆ. ಹೊರಡುವಾಗ ತುಸು ಚಳಿಯೆನಿಸಬೇಕು. ಹೊರಡುವಾಗಲೇ ಬೆಚ್ಚಗಿದ್ದವನು ಹದಿನೈದು ನಿಮಿಷದಲ್ಲಿ ಬೆವರಿ ತೊಯ್ದಿರುತ್ತಾನೆ. ಒಂದು ಜೊತೆ ಒಣ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮಲಗುವುದಕ್ಕೆಂದೇ ಇಡಬೇಕು. ಎಷ್ಟೇ ಆಸೆಯಾದರೂ ಅದನ್ನು ತೊಟ್ಟು ನಡೆಯಬಾರದು.

ಬೆಟ್ಟದ ಮುನಿಸು

ಇಷ್ಟೆಲ್ಲ ಹೇಳುವುದು ಸುಖಕ್ಕಾಗಿ ಮಾತ್ರವಲ್ಲ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ತ್ರತಾಲ್ ದಾರಿಯಲ್ಲಿ ಕರ್ನಾಟಕದಿಂದ ಹೋಗಿದ್ದ ಚಾರಣಿಗರ ತಂಡ ಹಿಮಗಾಳಿಗೆ ಸಿಕ್ಕಿತು. ಮಾರ್ಗದರ್ಶಕರೂ ಸೇರಿ 22 ಜನರಿದ್ದ ತಂಡದಲ್ಲಿ ಒಂಬತ್ತು ಮಂದಿ ಮರಳಲಿಲ್ಲ. ಹದಿಮೂರು ಮಂದಿಯನ್ನು ಪಾರುಮಾಡಲಾಯಿತು. ಹೊಸಬರ ಗುಂಪು ಅದಾಗಿರಲಿಲ್ಲ. ಬಟ್ಟೆಯೊಂದರಿಂದಲೇ ಎಲ್ಲ ಅನಾಹುತ ತಪ್ಪುತ್ತದೆ ಎಂದು ಯಾರೂ ಹೇಳಲಾರರು. ಹವಾಮಾನ ಕೆಟ್ಟಾಗ ಹಿಂದಿರುಗುವ ವಿವೇಕಕ್ಕೆ ಸಮನಾದ ಜಾಕೆಟ್ ಇಲ್ಲ. ಆದರೆ ಬೇಸಿಗೆಯಲ್ಲೂ ಬೆಟ್ಟ ಹೇಗೆ ತಿರುಗಿ ಬೀಳಬಲ್ಲದು ಎಂಬುದನ್ನು ಆ ಘಟನೆ ಮರೆಯಲು ಬಿಡುವುದಿಲ್ಲ.

ದೇಹದ ಒಳಗಿನ ಉಷ್ಣಾಂಶ 35 ಡಿಗ್ರಿಗಿಂತ ಕೆಳಗಿಳಿದರೆ ಅದು ಪ್ರಾಣಾಪಾಯದ ದಾರಿ. ಮೊದಲು ತಡೆಯಲಾಗದ ನಡುಕ, ಆಮೇಲೆ ಕಾಲು ತೊಡರುವುದು, ಮಾತು ತೊದಲುವುದು, ಕೈಯಲ್ಲಿದ್ದುದು ಜಾರುವುದು. ನಡುಕ ನಿಂತುಹೋದರೆ ಚೇತರಿಸಿಕೊಂಡರೆಂದಲ್ಲ, ಸ್ಥಿತಿ ಬಿಗಡಾಯಿಸಿತೆಂದು ಅರ್ಥ. ಜೊತೆಗಾರರಲ್ಲಿ ಈ ಚಿಹ್ನೆ ಕಂಡಕೂಡಲೇ ಗಾಳಿ ತಾಗದ ಜಾಗಕ್ಕೆ ಒಯ್ದು, ಒದ್ದೆ ಬಟ್ಟೆ ಬದಲಿಸಿ, ಒಣ ಪದರುಗಳನ್ನು ಸುತ್ತಿ, ಎಚ್ಚರವಿದ್ದರೆ ಬಿಸಿ ಸಿಹಿ ಪಾನೀಯ ಕೊಟ್ಟು, ಸಹಾಯ ಕೂಗಬೇಕು. ಮಲಗುವುದಕ್ಕೆಂದು ಇಟ್ಟ ಆ ಒಣ ಜೊತೆ ಇಂಥ ಹೊತ್ತಿಗೆ ಇನ್ನೊಬ್ಬರ ಜೀವ ಉಳಿಸಬಹುದು.

ಹಳಬರು ತಿಳಿಯದವರಾಗಿರಲಿಲ್ಲ. 1924ರಲ್ಲಿ ಎವರೆಸ್ಟ್ ಏರುವಾಗ ಕಾಣೆಯಾದ ಜಾರ್ಜ್ ಮ್ಯಾಲೊರಿಯ ದೇಹ 1999ರಲ್ಲಿ ಪತ್ತೆಯಾಯಿತು. ಮೈಮೇಲೆ ರೇಷ್ಮೆ, ಹತ್ತಿ, ಉಣ್ಣೆಯ ತೆಳು ಪದರುಗಳು, ಹೊರಗೆ ಗ್ಯಾಬರ್ಡೀನ್ ಬಟ್ಟೆ. ಅದರ ಪ್ರತಿರೂಪವನ್ನು ನೇಯ್ದು ಹೊಲಿದು 2006ರಲ್ಲಿ ಎವರೆಸ್ಟ್‌ನಲ್ಲೇ ತೊಟ್ಟು ಪರೀಕ್ಷಿಸಿದರು. ಎಣಿಸಿದ್ದಕ್ಕಿಂತ ಹಗುರ, ಎಣಿಸಿದ್ದಕ್ಕಿಂತ ಬೆಚ್ಚಗೆ ಎಂಬುದು ಕಂಡುಬಂತು. ನೈಲಾನ್ ಹುಟ್ಟುವ ಮೊದಲೇ ಪದರಿನ ಗುಟ್ಟು ಗೊತ್ತಿತ್ತು.

ನಡಿಗೆಗೆ ತಕ್ಕ ಬಟ್ಟೆ

ಯಲವಿಗಿಯಲ್ಲಿ ಬೆಂಗಳೂರಿನ ಕಡೆಗೆ ರೈಲು ಹತ್ತಿದರೆ ಸ್ವಲ್ಪ ಹೊತ್ತಿಗೆ ಹಾವೇರಿ ಬರುತ್ತದೆ. ಆ ನಿಲ್ದಾಣಕ್ಕೆ ಈಗ ಮೈಲಾರ ಮಹದೇವಪ್ಪನವರ ಹೆಸರಿದೆ. ಮೋಟೆಬೆನ್ನೂರಿನಲ್ಲಿ 1911ರಲ್ಲಿ ಹುಟ್ಟಿದ ಅವರು 1930ರಲ್ಲಿ ಸಾಬರಮತಿಯಿಂದ ದಂಡಿಗೆ ಗಾಂಧೀಜಿಯವರೊಂದಿಗೆ ಹೆಜ್ಜೆ ಹಾಕಿದ ಕನ್ನಡಿಗ. ಇಪ್ಪತ್ತನಾಲ್ಕು ದಿನ, ಸುಮಾರು 385 ಕಿಲೋಮೀಟರ್, ಹತ್ತೊಂಬತ್ತು ತುಂಬದ ಹುಡುಗ. ಮೈಮೇಲೆ ಖಾದಿ. ಮಾರ್ಚ್ ತಿಂಗಳ ಗುಜರಾತಿನ ಬಿಸಿಲಿಗೆ ಅದು ಸರಿಯಾದ ಬಟ್ಟೆಯೇ. ಬೆವರು ಕುಡಿದು ಮೈಯನ್ನು ತಂಪಾಗಿಡುವ ಹತ್ತಿಯ ಗುಣ ಹಿಮದಲ್ಲಿ ಶತ್ರುವಾದರೂ ಬಿಸಿಲಿನಲ್ಲಿ ಮಿತ್ರ. ಬಟ್ಟೆಯಲ್ಲಿ ಒಳ್ಳೆಯದು ಕೆಟ್ಟದ್ದು ಎಂಬುದಿಲ್ಲ, ನಡಿಗೆಗೆ ತಕ್ಕದ್ದು ತಕ್ಕುದಲ್ಲದ್ದು ಎಂಬುದಿದೆ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾಗುವವರೆಗೂ ಅವರ ದಾರಿ ಬದಲಾಗಲಿಲ್ಲ.

ಹೊಲದಲ್ಲಿನ ಕುರಿಗಾರರ ಬದುಕು ಮಾತ್ರ ಬದಲಾಗುತ್ತಿದೆ. ಉಣ್ಣೆಗೆ ಬೆಲೆಯಿಲ್ಲವೆಂದು ಮಾಂಸ ಹೆಚ್ಚು, ಉಣ್ಣೆ ಕಡಿಮೆ ಇರುವ ತಳಿಗಳನ್ನು ಸಾಕುವವರು ಹೆಚ್ಚುತ್ತಿದ್ದಾರೆ. ಮಗ್ಗದ ಗುಂಡಿಗಳು ಮುಚ್ಚುತ್ತಿವೆ. ಕುರಿಗಾರನ ಹೆಗಲ ಮೇಲೂ ಒಮ್ಮೊಮ್ಮೆ ಪೇಟೆಯ ಜರ್ಕಿನ್ ಕಾಣುತ್ತದೆ. ಹಗುರವಾದದ್ದು ಸಿಕ್ಕಾಗ ಹಗುರವಾದದ್ದನ್ನೇ ಆರಿಸಿಕೊಳ್ಳುವುದು ನಡೆಯುವವನ ಧರ್ಮ, ಅವನನ್ನು ದೂರುವಂತಿಲ್ಲ.

ಏಪ್ರಿಲ್ ಕೊನೆಗೆ ಪರೀಕ್ಷೆ ಮುಗಿಸಿ ಇಲ್ಲಿಂದ ಹುಬ್ಬಳ್ಳಿಗೆ, ಅಲ್ಲಿಂದ ಉತ್ತರದ ರೈಲಿಗೆ ಹೊರಡುವ ಹುಡುಗ ಹುಡುಗಿಯರ ಚೀಲದಲ್ಲಿ ಕಂಬಳಿ ಇರುವುದಿಲ್ಲ. ಇರಬೇಕಾಗಿಯೂ ಇಲ್ಲ. ಬೆವರುವ ಮೊದಲು ತೆಗೆ, ನಡುಗುವ ಮೊದಲು ಹೊದ್ದುಕೋ ಎಂಬ ಕಂಬಳಿಯ ಬುದ್ಧಿ ಇದ್ದರೆ ಸಾಕು. ಅದಕ್ಕೆ ತೂಕವಿಲ್ಲ.